ಚಂದದ ಅಪ್‌ಡೇಟು, ಮೂಕ ಪ್ಲಗಿನ್ನು

ಮತ್ತೊಂದು ಅಪ್‌ಡೇಟ್ ಬಂತು. ನೆನ್ನೆವರೆಗೂ ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ದನಿ) ಹೆಸರನ್ನಾದರೂ ಉಸುರುತ್ತಿದ್ದ ಸಂಗೀತದ ಪ್ಲಗಿನ್ ಇವತ್ತು 'ಹೊಸ ಸುಂದರ ವಿನ್ಯಾಸ' ತೊಟ್ಟು ಪೂರ್ತಿ ಮೂಕ. ಕಣ್ಣು ಕಾಣದ ನಮ್ಮಂಥವರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ವಿಂಡೋ ಹೆಸರು ಹೇಳಿ ಸುಮ್ಮನಾಗುತ್ತದೆ. ಪಾಪ, ಅದೇನು ಮಾಡೀತು? ಬಟನ್ನು, ನಾಬು ಎಲ್ಲ ಬರೀ ಬಣ್ಣದ ಚಿತ್ರ. ಯಾವುದಕ್ಕೂ ಸ್ಕ್ರೀನ್ ರೀಡರ್‌ಗೆ ಸಿಗುವಂಥ ಹೆಸರಿಲ್ಲ. ಸಂಗೀತದ ಸಾಫ್ಟ್‌ವೇರ್ ಕಣ್ಣಿದ್ದವರಿಗೆ ಮಾತ್ರ ಅಂತ ಯಾವ ಶಾಸ್ತ್ರದಲ್ಲಿದೆ ಸ್ವಾಮಿ?

ಹಾಡು ರೆಕಾರ್ಡ್ ಮಾಡುವ ರೀಪರ್ ಸಾಫ್ಟ್‌ವೇರ್‌ಗೆ, ಅದನ್ನು ಸ್ಕ್ರೀನ್ ರೀಡರ್ ಜೊತೆ ಮಾತಾಡಿಸುವ ಒಸಾರಾ ಹಾಕಿ, ಟ್ರ್ಯಾಕ್ ಮೇಲೆ ನಿಂತು ಪಿ ಒತ್ತಿದರೆ ಪ್ಲಗಿನ್ನಿನ ಪ್ಯಾರಾಮೀಟರ್‌ಗಳ, ಅಂದರೆ ಸೆಟ್ಟಿಂಗುಗಳ, ಪಟ್ಟಿ ತೆರೆಯುತ್ತದೆ. ಒಸಾರಾ ಮಾಡಿದವರ ಹೊಟ್ಟೆ ತಣ್ಣಗಿರಲಿ. ಆದರೆ ಪಟ್ಟಿಯಲ್ಲಿ ಏನಿದೆ? 'ಪ್ಯಾರಾಮೀಟರ್ 1', 'ಪ್ಯಾರಾಮೀಟರ್ 2', ಹೀಗೇ 'ಪ್ಯಾರಾಮೀಟರ್ 128'ರವರೆಗೆ! ಇದರಲ್ಲಿ ದನಿ ಗುಂಯ್‌ಗುಡಿಸುವ ರಿವರ್ಬ್ ಯಾವುದು? ಒಂದೊಂದನ್ನೇ ತಿರುಗಿಸಿ ಕಿವಿಗೊಟ್ಟು ಕೂರಬೇಕು. ವಾದ್ಯ ಲೋಡ್ ಮಾಡುವ ಮೆನು ಆಟೊಮೇಷನ್ (ತಾನಾಗೇ ಬದಲಾಗುವಂತೆ ಹೊಂದಿಸುವ) ಪ್ಯಾರಾಮೀಟರೇ ಅಲ್ಲ, ಹಾಗಾಗಿ ಪಟ್ಟಿಗೇ ಬರುವುದಿಲ್ಲ. ಎನ್‌ವಿಡಿಎ ಕೀ ಜೊತೆ ಆರ್ ಒತ್ತಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಒಸಿಆರ್ ಓಡಿಸೋಣವೆಂದರೆ ಅಕ್ಷರವಿದ್ದರೆ ತಾನೇ ಓದುವುದು? ನಾಬಿನ ಕೆಳಗಿರುವುದು ಪುಟಾಣಿ ಮೋಡದ ಚಿತ್ರ!

ಇದರ ಮಧ್ಯೆ, ದನಿ ತಡವಾಗದಂತೆ ಹಾಕಿಕೊಳ್ಳುವ ಎಎಸ್‌ಐಒ ಆಡಿಯೊ ಡ್ರೈವರ್ ಸೌಂಡ್ ಕಾರ್ಡನ್ನು ಒಬ್ಬನೇ ಹಿಡಿದುಕೊಂಡರೆ ಸ್ಕ್ರೀನ್ ರೀಡರ್ ದನಿಯೂ ಬಂದ್.

ಟ್ಯುಟೋರಿಯಲ್ ನೋಡಿ ಕಲಿಯಬೇಕಂತೆ. ಏನು ಕಲಿಯುವುದು? 'ಇಲ್ಲಿ ಕ್ಲಿಕ್ ಮಾಡಿ, ಇದನ್ನು ಸ್ವಲ್ಪ ಆ ಕಡೆ ಎಳೀರಿ, ನೋಡಿದ್ರಲ್ಲಾ?' ದೂರು ಬರೆದರೆ ಸಪೋರ್ಟಿನವರ ಉತ್ತರ: ಸ್ಕ್ರೀನ್‌ಶಾಟ್ ಕಳಿಸಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗೆ ಹೋಗಿ, ಬಟನ್ ಜಾಸ್ತಿ ಇರುವ ಮಿಡಿ ಕೀಬೋರ್ಡ್ (ಕಂಪ್ಯೂಟರಿಗೆ ಜೋಡಿಸಿ ನುಡಿಸುವ ಕೀಬೋರ್ಡ್) ಕೇಳಿದರೆ, 'ಇದು ತಗೊಳ್ಳಿ ಸಾರ್, ಫುಲ್ ಟಚ್‌ಸ್ಕ್ರೀನು, ನಿಮಗೆ ತುಂಬಾ ಈಜಿ!'