ಹಳೆಯ ವೈ-ಫೈ ಡಬ್ಬಿಯನ್ನು ಇಂಟರ್ನೆಟ್ ಕಂಪನಿ ಕೈಬಿಡಬಹುದೇ?

ಪರ: ಫ್ಯಾನಿನ ಲೆಕ್ಕ ರೌಟರಿಗೆ ಹಿಡಿಸದು

"ಚೆನ್ನಾಗೇ ಓಡ್ತಿದೆಯಲ್ಲಪ್ಪ, ಯಾಕೆ ಬದಲಾಯಿಸಬೇಕು?" ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನೆಟ್ ದುರಸ್ತಿಗೆಂದು ಹೋಗುವ ನನಗೆ ದಿನಕ್ಕೆ ಒಮ್ಮೆಯಾದರೂ ಎದುರಾಗುವ ಪ್ರಶ್ನೆ. ಫ್ಯಾನಿನ ವಿಷಯದಲ್ಲಿ ಇದು ಸರಿಯಾದ ಪ್ರಶ್ನೆಯೇ. ಇಪ್ಪತ್ತು ವರ್ಷದ ಫ್ಯಾನು ತಿರುಗುತ್ತಿದ್ದರೆ ತಿರುಗಲಿ, ಪಕ್ಕದ ಮನೆಯವರ ಗಂಟೇನೂ ಹೋಗುವುದಿಲ್ಲ. ರೌಟರ್, ಅಂದರೆ ಮನೆಗೆ ವೈ-ಫೈ ಹಂಚುವ ಡಬ್ಬಿ, ಹಾಗಲ್ಲ.

2017ರ ಜುಲೈಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲೇ ಸುಮಾರು 60,000 ಮೋಡೆಮ್‌ಗಳು ಕುತಂತ್ರಾಂಶಕ್ಕೆ ತುತ್ತಾದವು. ಅವುಗಳ ಬಳಕೆದಾರನ ಹೆಸರೂ 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಅಂದಿನ ಕೇಡು ಮನೆಯವರಿಗೇ ಗೊತ್ತಾಗುವಂಥದ್ದು, ನೆಟ್ ನಿಂತುಹೋಯಿತು. ಈಗಿನ ಕಳ್ಳರು ಸದ್ದು ಮಾಡುವುದಿಲ್ಲ. ಬೆಂಬಲ ಮುಗಿದ, ಅಂದರೆ ತಯಾರಕರು ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿದ ಹಳೆಯ ರೌಟರ್‌ಗಳೊಳಗೆ ಹೊಕ್ಕು, ಅವನ್ನು ಮುಖವಾಡವಾಗಿ ಬೇರೆ ಕಳ್ಳರಿಗೆ ಬಾಡಿಗೆಗೆ ಕೊಡುವ ದಂಧೆಯ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಮೇ ತಿಂಗಳಲ್ಲಿ ಎಚ್ಚರಿಸಿತು. ವಂಚನೆ ಮಾಡುವವನು ಇನ್ನೆಲ್ಲೋ ಇರುತ್ತಾನೆ, ತನಿಖೆಯಲ್ಲಿ ಸಿಗುವ ಐಪಿ ವಿಳಾಸ (ನೆಟ್‌ನಲ್ಲಿ ಸಂಪರ್ಕದ ಗುರುತಿನ ಸಂಖ್ಯೆ) ನಿಮ್ಮ ಮನೆಯದು.

ಕಂಪನಿ ಹೊಸ ಫರ್ಮ್‌ವೇರ್ (ಡಬ್ಬಿಯೊಳಗೇ ಇರುವ ತಂತ್ರಾಂಶ) ಕಳಿಸಿ ಸರಿಪಡಿಸಲಿ ಎನ್ನುತ್ತೀರಿ. ಎಲ್ಲಿಂದ ತರಬೇಕು? ಚಿಪ್ ತಯಾರಿಸಿದವನು ಅದರ ತಂತ್ರಾಂಶದ ಕೆಲಸ ನಿಲ್ಲಿಸಿದ ಮೇಲೆ ಡಬ್ಬಿ ಮಾಡಿದವನ ಕೈ ಕಟ್ಟಿದ ಹಾಗೆ, ಅವನಿಂದ ಕೊಂಡ ಇಂಟರ್ನೆಟ್ ಕಂಪನಿಯದಂತೂ ಇನ್ನೂ ಬಿಗಿಯಾಗಿ. ಲಾಭದ ಆಸೆಯೇ ಇಲ್ಲದ ಸ್ವಯಂಸೇವಕರು ನಡೆಸುವ, ರೌಟರ್‌ಗಳ ಉಚಿತ ತಂತ್ರಾಂಶ ಯೋಜನೆಯಾದ ಓಪನ್‌ಡಬ್ಲ್ಯುಆರ್‌ಟಿ ಕೂಡ 4 ಎಂಬಿ ಫ್ಲಾಶ್, 32 ಎಂಬಿ ರ‍್ಯಾಮ್‌ನ ಹಳೆಯ ಡಬ್ಬಿಗಳನ್ನು ಕೈಬಿಟ್ಟಿದೆ. ಹೊಸ ತಂತ್ರಾಂಶ ಅದರಲ್ಲಿ ಹಿಡಿಸುವುದೇ ಇಲ್ಲ. ನೋಡಿಕೊಳ್ಳಲಾಗದ್ದನ್ನು ನೋಡಿಕೊಳ್ಳುತ್ತಿದ್ದೇವೆ ಎಂದು ನಟಿಸುವುದಕ್ಕಿಂತ, ಇನ್ನು ಆಗುವುದಿಲ್ಲ ಎನ್ನುವುದು ಮೇಲು.

ಗಾಳಿಯ ಮಾತೂ ಇದೆ. ವೈ-ಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ವೈ-ಫೈನ 1999ರ 'ಬಿ' ಮಾನಕದ ಸಾಧನ ಸೆಕೆಂಡಿಗೆ 1 ಮೆಗಾಬಿಟ್ಟಿನಲ್ಲಿ ತೊದಲುತ್ತಿದ್ದರೆ ಮಿಕ್ಕವರೆಲ್ಲ ಕಾಯಬೇಕು, ಘಾಟಿಯಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡ ಕಾರುಗಳ ಹಾಗೆ. ಅದೇ ಚಾನೆಲ್ಲಿನಲ್ಲಿರುವ ಪಕ್ಕದ ಫ್ಲ್ಯಾಟಿನವರೂ ಕಾಯಬೇಕು. ಬೈಗುಳ ಮಾತ್ರ ಕಂಪನಿಗೆ. ನನಗೂ.

ವಿರೋಧ: ತಾರೀಖು ಗೊತ್ತುಮಾಡಿದವರು ಯಾರು?

ಅಪಾಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಮೇಲೆ ಬಂದ ಮೋಡೆಮ್‌ಗಳ ಕತೆಯನ್ನೇ ಇನ್ನೊಮ್ಮೆ ಓದಿ. ಅವು ಕೆಟ್ಟದ್ದು ವಯಸ್ಸಾಗಿದ್ದಕ್ಕಲ್ಲ, 'ಅಡ್ಮಿನ್' ಎಂಬ ಪಾಸ್‌ವರ್ಡ್ ಹಾಗೇ ಉಳಿದಿದ್ದಕ್ಕೆ. ನಿನ್ನೆ ತಂದ ಡಬ್ಬಿಗೂ ಅದೇ ಗತಿಯಾಗುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಲ್ಜಿಯಂನ ಸಂಶೋಧಕರು ಹೊರಗಿಟ್ಟ 'ಕ್ರ್ಯಾಕ್' ದೋಷ ವೈ-ಫೈ ಸಂಪರ್ಕಕ್ಕೆ ಬೀಗ ಹಾಕುವ ಡಬ್ಲ್ಯುಪಿಎ2 ಪದ್ಧತಿಯ ಬುಡದಲ್ಲೇ ಇತ್ತು, ಹೊಸ ಸಾಧನ ಹಳೆಯದು ಎಂದು ಭೇದ ಮಾಡಲಿಲ್ಲ. ಅದಕ್ಕೆ ಮದ್ದಾದದ್ದು ತಂತ್ರಾಂಶದ ತೇಪೆ. ತೇಪೆ ಬಂದ ಕಡೆ ಯಾರೂ ಡಬ್ಬಿ ಎಸೆಯಬೇಕಾಗಲಿಲ್ಲ.

ನಮ್ಮದು ಶಿರಸಿ ಕಡೆಯ ಹಳ್ಳಿ. ಲಾಕ್‌ಡೌನ್ ವರ್ಷ ಬೆಂಗಳೂರಿನಿಂದ ಮಕ್ಕಳು ಲ್ಯಾಪ್‌ಟಾಪ್ ಹೊತ್ತು ಬಂದಾಗ ಮನೆಗೆ ಫೈಬರ್ ಎಳೆಸಿದೆವು. ಡಬ್ಬಿ ಯಾವುದು ಎಂದು ನಮ್ಮನ್ನು ಕೇಳಿದವರಿಲ್ಲ. ಡಿಪಾಸಿಟ್ ಕಟ್ಟಿಸಿಕೊಂಡು ಅವರೇ ತಂದು ಗೋಡೆಗೆ ಹೊಡೆದರು. ಒಳಗಿನ ಸೆಟ್ಟಿಂಗಿನ ಪಾಸ್‌ವರ್ಡ್ ಕೇಳಿದರೆ "ಅದು ನಿಮಗೆ ಬೇಡ ಸರ್" ಎಂಬ ಉತ್ತರ. ಹೋದ ವರ್ಷ ಮೆಸೇಜ್ ಬಂತು: ನಿಮ್ಮ ಸಾಧನಕ್ಕೆ ಇನ್ನು ಬೆಂಬಲವಿಲ್ಲ, ಹೊಸದಕ್ಕೆ ಹಣ ಕಟ್ಟಿ. ಆರಿಸಿದವರು ಅವರು, ಬೀಗ ಹಾಕಿದವರು ಅವರು, ಹಳತಾಯಿತು ಎಂದು ತೀರ್ಮಾನಿಸಿದವರೂ ಅವರೇ. ಹಣ ಕಟ್ಟುವಾಗ ಮಾತ್ರ ಸಾಧನ 'ನಿಮ್ಮದು'.

ನಾನೇ ಪೇಟೆಯಿಂದ ಒಳ್ಳೆಯ ರೌಟರ್ ತರುತ್ತೇನೆ ಎಂದೆ. ಫೈಬರ್ ಡಬ್ಬಿಯ ಸೀರಿಯಲ್ ನಂಬರ್ ಅವರ ಕಡೆ ದಾಖಲಾಗದೆ ಸಂಪರ್ಕ ಏಳುವುದಿಲ್ಲ, ಹೊರಗಿನದನ್ನು ನಾವು ದಾಖಲು ಮಾಡುವುದಿಲ್ಲ ಎಂದರು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕ ತನಗೆ ಬೇಕಾದ ರೌಟರ್ ಹಾಕಿಕೊಳ್ಳಬಹುದು, ಅದಕ್ಕೆ ಬೇಕಾದ ಲಾಗಿನ್ ವಿವರವನ್ನು ಕಂಪನಿ ಕೊಡಲೇಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ನೆಟ್‌ಗೆ ಸೇರುವ ಸಾಧನ ಮಾರುವಾಗಲೇ ಸುರಕ್ಷತಾ ಅಪ್‌ಡೇಟ್ ಎಲ್ಲಿಯವರೆಗೆ ಸಿಗುತ್ತದೆ ಎಂದು ತಯಾರಕರು ತಿಳಿಸಬೇಕು. ನಮ್ಮ ಗೋಡೆಯ ಡಬ್ಬಿಯ ಬೆನ್ನಿನಲ್ಲಿ ಮಾದರಿ, ಸೀರಿಯಲ್ ನಂಬರ್, ವೋಲ್ಟು ಎಲ್ಲ ಇತ್ತು. ಎಲ್ಲಿಯವರೆಗೆ ಎನ್ನುವುದೊಂದು ಬಿಟ್ಟು. ಹಾಲಿನ ಪ್ಯಾಕೆಟ್ಟಿನ ಮೇಲೂ ತಾರೀಖು ಇರುತ್ತದಪ್ಪ!

ಕೊನೆಗೆ ಹೊಸದು ಬಂತು. ಬಂದ ದಿನವೇ ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾ ಕಣ್ಣು ಮುಚ್ಚಿತು. ಅದಕ್ಕೆ 2.4 ಗಿಗಾಹರ್ಟ್ಸ್ ತರಂಗ ಮತ್ತು ಡಬ್ಲ್ಯುಪಿಎ2 ಬಿಟ್ಟು ಬೇರೆ ಭಾಷೆ ಬಾರದು, ಹೊಸ ಡಬ್ಬಿಯನ್ನು ಮುಂದಿನ ಪೀಳಿಗೆಯ ಬೀಗವಾದ ಡಬ್ಲ್ಯುಪಿಎ3ಕ್ಕೆ ಬಿಗಿದಿದ್ದರು. ಆಯಿಯ ಹಳೆಯ ಫೋನಿನದೂ ಅದೇ ಪಾಡು. ಹಳೆಯ ಸಾಧನಗಳಿಗೆಂದೇ ಬೇರೆ ಹೆಸರಿನ ವೈ-ಫೈ ಮಾಡಿಕೊಟ್ಟರೆ ಮುಗಿಯುವ ಕೆಲಸ ಇದು. ಸೆಟ್ಟಿಂಗ್ ತೆರೆಯುವ ಅಧಿಕಾರ ನಮಗಿಲ್ಲವಲ್ಲ, ಲೈನಿನ ಹುಡುಗ ಬರಲು ಒಂಬತ್ತು ದಿನ ಹಿಡಿಯಿತು. ಒಳ್ಳೆಯ ಹುಡುಗ, ಐದೇ ನಿಮಿಷದಲ್ಲಿ ಮಾಡಿಕೊಟ್ಟ.

ಹಳೆಯದನ್ನು ಒಯ್ಯುತ್ತೀಯಾ ಎಂದರೆ "ನಮಗೆ ಹೇಳಿಲ್ಲ" ಎಂದ. ಇ-ತ್ಯಾಜ್ಯದ ಹೊಣೆ ತಯಾರಕರದು ಎನ್ನುವ ಹೊಸ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಡಬ್ಬಿ ನಮ್ಮ ಅಟ್ಟದಲ್ಲಿದೆ.

ಪೂರ್ತಿ ವ್ಯರ್ಥವಾಗಿಲ್ಲ ಅನ್ನಿ. ಹೊಸದರ ಜೊತೆ ಬಂದ ಅಡಾಪ್ಟರ್ ಮೇ ತಿಂಗಳ ಮೊದಲ ಸಿಡಿಲಿಗೇ ಸುಟ್ಟಿತು. ಹಳೆಯದರದು ತೆಗೆದು ನೋಡಿದೆ: ಅದೇ 12 ವೋಲ್ಟು, ಅದೇ 1 ಆಂಪಿಯರ್, ಅದೇ ಪಿನ್ನು. ಈಗ ಮನೆಯ ನೆಟ್ ಓಡುತ್ತಿರುವುದು ಅದರಿಂದಲೇ.