ಹದಿನೆಂಟು ಮಾಸ್‌ಫೆಟ್‌ಗಳ ಕೂಡುಕುಟುಂಬ

ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರ್ ಓಡಿಸುವ ಕಂಟ್ರೋಲರನ್ನು ಕೈಯಾರೆ ಕಟ್ಟುವವರಿಗೆ ಈ ಮಾತು. ಬ್ರಶ್‌ಲೆಸ್ ಮೋಟಾರಿಗೆ ಮೂರೇ ದಪ್ಪ ವೈರು, ಒಂದೊಂದೂ ಒಂದು ಫೇಸ್. ಒಂದೊಂದನ್ನೂ ಪ್ಲಸ್ಸಿಗೆ ಸೇರಿಸಲು ಮೇಲೊಂದು ಸ್ವಿಚ್, ಮೈನಸ್ಸಿಗೆ ಸೇರಿಸಲು ಕೆಳಗೊಂದು. ಇಲ್ಲಿ ಸ್ವಿಚ್ ಅಂದರೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್. ಒಟ್ಟು ಆರು ಸಾಕು ಅನ್ನುತ್ತದೆ ಸರ್ಕ್ಯೂಟ್ ಚಿತ್ರ. ಚಿತ್ರಕ್ಕೇನು, ಅದು ಬಿಸಿಯಾಗುವುದಿಲ್ಲ. 48 ವೋಲ್ಟಿನ ಸ್ಕೂಟರಿಗೆ 100 ಆಂಪ್ ಬೇಕೆಂದ ಕೂಡಲೇ ಗುಣಾಕಾರ ಶುರು. ಐಆರ್‌ಎಫ್‌ಬಿ 4110 ಎಂಬ ಮಾಸ್‌ಫೆಟ್ ತೆರೆದಾಗ, ಅಂದರೆ ಕರೆಂಟ್ ಹರಿಯಬಿಟ್ಟಾಗ, ಅದರೊಳಗಿನ ರೆಸಿಸ್ಟೆನ್ಸ್ ಹೆಚ್ಚೆಂದರೆ 4.5 ಮಿಲಿಓಮ್. ಒಂದರಲ್ಲೇ 100 ಆಂಪ್ ಹರಿಸಿದರೆ 45 ವಾಟ್ ಶಾಖ, ಅಂದರೆ ಅದನ್ನು ಬೋರ್ಡಿಗೆ ಬೆಸೆದ 25 ವಾಟಿನ ಸೋಲ್ಡರಿಂಗ್ ಐರನ್ನಿಗಿಂತ ಜಾಸ್ತಿ. ಮೂರು ಸೇರಿ ಹೊತ್ತರೆ ತಲಾ 5 ವಾಟ್. ಹೀಗೆ ಆರು ಹದಿನೆಂಟಾಗುತ್ತದೆ.

ಕೊಳ್ಳುವಾಗಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಅದೇ ನಂಬರ್ ಅಚ್ಚು ಹಾಕಿದ ನಕಲಿಗಳು ಅಗ್ಗವಾಗಿ ಸಿಗುತ್ತವೆ. ಮಾಸ್‌ಫೆಟ್ಟಿಗೆ ಮೂರು ಕಾಲು: ಕರೆಂಟ್ ಹರಿಯುವ ಡ್ರೈನ್ ಮತ್ತು ಸೋರ್ಸ್, ಅದನ್ನು ತೆರೆದು ಮುಚ್ಚುವ ಗೇಟ್. ಗೇಟಿಗೆ 10 ವೋಲ್ಟ್ ಕೊಟ್ಟು, 5 ಆಂಪ್ ಹರಿಸಿ, ಡ್ರೈನ್ ಮತ್ತು ಸೋರ್ಸ್ ನಡುವೆ ಅಳೆಯಿರಿ. 22 ಮಿಲಿವೋಲ್ಟ್ ದಾಟಬಾರದು. 100 ತೋರಿಸಿದರೆ ಅಸಲಿ ಇರುವುದು ಮೇಲಿನ ಅಚ್ಚು ಮಾತ್ರ.

ಕೂಡುಕುಟುಂಬ ಅಂದಮೇಲೆ ಎಲ್ಲರೂ ಒಟ್ಟಿಗೆ ಏಳಬೇಕು. ಮೊದಲು ಎದ್ದವನ ತಲೆಗೇ ಪೂರ್ತಿ ಕೆಲಸ ಬೀಳುತ್ತದೆ, ಮಿಕ್ಕವರು ಆಕಳಿಸುವಷ್ಟರಲ್ಲಿ ಅವನ ಕಥೆ ಮುಗಿದಿರುತ್ತದೆ. ಆದ್ದರಿಂದ ಪ್ರತಿ ಗೇಟಿಗೂ ಅದರದ್ದೇ 10 ಓಮ್ ರೆಸಿಸ್ಟರ್ ಹಾಕಿ. ಮೂರಕ್ಕೂ ಸೇರಿಸಿ ಒಂದೇ ಹಾಕಿ ಎರಡು ರೂಪಾಯಿ ಉಳಿಸಿದರೆ ಗೇಟುಗಳು ತಮ್ಮತಮ್ಮಲ್ಲೇ ಜಗ್ಗಾಡಿ ಕಂಪಿಸತೊಡಗುತ್ತವೆ. ಗೇಟಿನಿಂದ ಸೋರ್ಸಿಗೆ 10 ಕಿಲೋಓಮ್ ಕೂಡ ಇರಲಿ, ಗೇಟ್ ಓಡಿಸುವ ಡ್ರೈವರ್ ಚಿಪ್ ಕೈಬಿಟ್ಟಾಗ ಗೇಟ್ ಅರೆತೆರೆದು ನಿಲ್ಲದಿರಲು.

ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಪಿನ್ನಿನಿಂದಲೇ ಗೇಟ್ ಓಡಿಸುತ್ತೇನೆ ಅನ್ನುವ ಉತ್ಸಾಹಿಗಳು ಊರಿಗೊಬ್ಬರಾದರೂ ಇರುತ್ತಾರೆ. 5 ವೋಲ್ಟಿಗೆ ಈ ಮಾಸ್‌ಫೆಟ್ ಪೂರ್ತಿ ತೆರೆಯುವುದಿಲ್ಲ. ಮೂರು ಗೇಟ್ ತುಂಬಲು ಸುಮಾರು 450 ನ್ಯಾನೊಕೂಲಂಬ್ ಬೇಕು. ಆ ಪಿನ್ನಿನ 20 ಮಿಲಿಆಂಪಿನಲ್ಲಿ ತುಂಬಿಸಹೊರಟರೆ 22 ಮೈಕ್ರೊಸೆಕೆಂಡ್ ಹಿಡಿಯುತ್ತದೆ. 16 ಕಿಲೋಹರ್ಟ್ಸ್‌ನಲ್ಲಿ ತೆರೆದು ಮುಚ್ಚುತ್ತಿದ್ದರೆ ಒಂದು ಸುತ್ತೇ 62.5 ಮೈಕ್ರೊಸೆಕೆಂಡ್! ಮೂರನೇ ಒಂದು ಭಾಗ ಬಾಗಿಲು ತೆಗೆಯುವುದರಲ್ಲೇ ಹೋಯಿತು, ಆ ಹೊತ್ತೆಲ್ಲ ಶಾಖವೇ. 12 ವೋಲ್ಟ್ ಕೊಟ್ಟ ಐಆರ್ 2110 ಡ್ರೈವರ್ 2 ಆಂಪ್‌ವರೆಗೂ ತಳ್ಳುತ್ತದೆ, ಮೂರು ಫೇಸಿಗೆ ಮೂರು ಬೇಕು. ಮೇಲಿನ ಗೇಟಿಗೆ ವೋಲ್ಟೇಜ್ ಕೊಡುವ ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್ ತುಂಬುವುದು ಕೆಳಗಿನದು ತೆರೆದಾಗ ಮಾತ್ರ. ಹಾಗಾಗಿ ಡ್ಯೂಟಿಯನ್ನು, ಅಂದರೆ ಒಂದು ಸುತ್ತಿನಲ್ಲಿ ಮೇಲಿನದು ತೆರೆದಿರುವ ಪಾಲನ್ನು, ಶೇ. 95ಕ್ಕೆ ನಿಲ್ಲಿಸಿ. 100 ಮಾಡಿದರೆ ಫುಲ್ ಥ್ರಾಟಲ್ಲಿನಲ್ಲೇ ಮೋಟಾರ್ ಬಿಕ್ಕಳಿಸುತ್ತದೆ.

ಇದೇ ಐಆರ್ 2110 ಮೇಲಿನವನನ್ನೂ ಕೆಳಗಿನವನನ್ನೂ ಒಟ್ಟಿಗೆ ತೆರೆ ಎಂದರೂ ಮರುಮಾತಿಲ್ಲದೆ ತೆರೆಯುವಷ್ಟು ವಿಧೇಯ. ಆಗ ಬ್ಯಾಟರಿ ನೇರ ಶಾರ್ಟ್. ಒಂದು ಮುಚ್ಚಿ ಇನ್ನೊಂದು ತೆರೆಯುವ ನಡುವೆ 1 ಮೈಕ್ರೊಸೆಕೆಂಡ್ ಬಿಡುವು ಕೊಡಿ. ಅದನ್ನು ಎಸ್‌ಟಿಎಂ 32 ಎಂಬ ಮೈಕ್ರೊಕಂಟ್ರೋಲರ್ ಚಿಪ್ಪಿನ ಟೈಮರಿಗೇ ವಹಿಸಿ, ನಿಮ್ಮ ಪ್ರೋಗ್ರಾಮಿನ ಒಳ್ಳೆಯತನವನ್ನು ನಂಬಬೇಡಿ. ಮರೆತರೆ ಟಪ್ ಎಂಬ ಸದ್ದು, ಆಮೇಲೆ ಮನೆಯವರ ಪ್ರಶ್ನೆ. ಫ್ಯೂಸ್ ಮಾತ್ರ ಗಟ್ಟಿಮುಟ್ಟಾಗಿ ಉಳಿದಿರುತ್ತದೆ, ಮಾಸ್‌ಫೆಟ್ ತನ್ನ ಪ್ರಾಣ ಕೊಟ್ಟು ಅದನ್ನು ಕಾಪಾಡಿರುತ್ತದೆ.

ಇನ್ನು ವೈರಿನ ಉದ್ದ. ಅಂದಕ್ಕೆಂದು, ಬ್ಯಾಟರಿಯ ಪ್ಲಸ್ ಮೈನಸ್ ನಡುವೆ ಹಾಕುವ ಕೆಪಾಸಿಟರುಗಳನ್ನು ಡಬ್ಬಿಯ ಮೂಲೆಯಲ್ಲಿ ಸಾಲಾಗಿ ನಿಲ್ಲಿಸುವವರಿದ್ದಾರೆ. 10 ಸೆಂಟಿಮೀಟರ್ ವೈರಿನ ಇಂಡಕ್ಟೆನ್ಸ್ ಸುಮಾರು 100 ನ್ಯಾನೊಹೆನ್ರಿ. 50 ಆಂಪನ್ನು 50 ನ್ಯಾನೊಸೆಕೆಂಡಿನಲ್ಲಿ ಕಡಿದರೆ ಅಷ್ಟರಲ್ಲೇ 100 ವೋಲ್ಟ್ ಏಳುತ್ತದೆ. ಪೂರ್ತಿ ಚಾರ್ಜಾದ 13 ಸೆಲ್ಲಿನ ಬ್ಯಾಟರಿಯ 54.6 ಅದಕ್ಕೆ ಸೇರಿತೋ, 100 ವೋಲ್ಟಿನ ಮಾಸ್‌ಫೆಟ್ ಏನು ಮಾಡೀತು ಪಾಪ? 100 ವೋಲ್ಟ್, 470 ಮೈಕ್ರೊಫ್ಯಾರಡ್‌ನ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್ ನಾಲ್ಕೈದನ್ನು ಮಾಸ್‌ಫೆಟ್ಟಿನ ಕಾಲಿಗೇ ಅಂಟಿದಂತೆ ಕೂರಿಸಿ. ಡಬ್ಬಿ ಕುರೂಪವಾದರೂ ಪರವಾಗಿಲ್ಲ. ಬೋರ್ಡಿನ ತೆಳು ತಾಮ್ರದ ಮೇಲೆ ದಪ್ಪ ತಾಮ್ರದ ತಂತಿ ಹಾಸಿ ಸೋಲ್ಡರ್ ಸುರಿಯಿರಿ.

ಮಾಸ್‌ಫೆಟ್ಟಿನ ಬೆನ್ನ ಲೋಹವೇ ಡ್ರೈನ್ ಅನ್ನುವುದು ನೆನಪಾಗುವುದು ಸಾಮಾನ್ಯವಾಗಿ ಹದಿನೆಂಟನ್ನೂ ಶಾಖ ಹೀರುವ ಒಂದೇ ಹೀಟ್‌ಸಿಂಕಿಗೆ ಬಿಗಿದ ಮೇಲೆ. ಕರೆಂಟ್ ದಾಟದಂತೆ ಪ್ರತಿಯೊಂದರ ಕೆಳಗೂ ಮೈಕಾ ಹಾಳೆ, ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ ಬೇಕು. ಡ್ರಿಲ್ ಮಾಡಿದ ತೂತಿನ ಅಂಚಿನಲ್ಲಿ ಉಳಿದ ಚೂರು ಮೈಕಾವನ್ನೇ ಚುಚ್ಚುತ್ತದೆ, ಉಜ್ಜಿ ನುಣುಪು ಮಾಡಿ. ಬಿಗಿದ ಮೇಲೆ ಹೀಟ್‌ಸಿಂಕಿಗೂ ಒಂದೊಂದು ಡ್ರೈನಿಗೂ ಮಲ್ಟಿಮೀಟರ್ ಹಿಡಿದು ನೋಡಿ, ಬೀಪ್ ಬರಬಾರದು.

ಮೊದಲ ಸಲ 12 ವೋಲ್ಟ್ ಸಾಕು, ಸೀರೀಸಿನಲ್ಲಿ ಗಾಡಿಯ ಇಂಡಿಕೇಟರಿನ 21 ವಾಟ್ ಬಲ್ಬ್ ಇರಲಿ. ಶಾರ್ಟ್ ಇದ್ದರೆ ಬಲ್ಬ್ ಝಗ್ಗನೆ ಹತ್ತುತ್ತದೆ, ಸಾವುನೋವಿಲ್ಲ. ಚಕ್ರ ನೆಲದಿಂದ ಮೇಲಿರಲಿ. ಮೂರು ಫೇಸ್, ಮೋಟಾರ್ ಯಾವ ಸ್ಥಾನದಲ್ಲಿದೆಯೆಂದು ತಿಳಿಸುವ ಮೂರು ಹಾಲ್ ಸೆನ್ಸರ್ ವೈರು ಸೇರಿ 36 ಜೋಡಣೆ, ಸರಿಯಾಗಿ ಓಡುವುದು ಆರರಲ್ಲಿ, ಅದರಲ್ಲೂ ಮೂರು ಹಿಂದಕ್ಕೆ. ಬಣ್ಣ ನಂಬಿ ಜೋಡಿಸಿದರೆ ಮೋಟಾರ್ ಗುರ್ರೆಂದು ನಡುಗಿ ಕರೆಂಟ್ ಕುಡಿಯುತ್ತದೆ. ಥ್ರಾಟಲ್ಲಿನ ಗ್ರೌಂಡ್ ವೈರ್ ಕಿತ್ತರೆ ಸಿಗ್ನಲ್ 5 ವೋಲ್ಟಿನತ್ತ ಏರುತ್ತದೆ, ಕಂಟ್ರೋಲರಿಗೆ ಅದು ಫುಲ್ ಥ್ರಾಟಲ್. 4.5 ದಾಟಿದರೆ ಮೋಟಾರ್ ನಿಲ್ಲಿಸು ಎಂದು ಪ್ರೋಗ್ರಾಮಿನಲ್ಲಿ ಬರೆದಿಡಿ. ಓಡುತ್ತಿರುವ ಪ್ರೋಗ್ರಾಮನ್ನು ಡಿಬಗರಿನಲ್ಲಿ (ಪ್ರೋಗ್ರಾಮಿನ ತಪ್ಪು ಹುಡುಕುವ ಸಾಧನದಲ್ಲಿ) ನಿಲ್ಲಿಸಿ ಇಣುಕುವ ಚಪಲವಂತೂ ಬೇಡವೇ ಬೇಡ: ತೆರೆದಿದ್ದ ಮಾಸ್‌ಫೆಟ್‌ಗಳು ತೆರೆದೇ ಇರುತ್ತವೆ, ನೀವು ವೇರಿಯೇಬಲ್ ಓದುತ್ತ ಕೂತಿರುವಾಗ ವೈಂಡಿಂಗಿನಲ್ಲಿ ಕರೆಂಟ್ ಏರುತ್ತಲೇ ಇರುತ್ತದೆ.

ಒಂದು ಮಾಸ್‌ಫೆಟ್ ಸತ್ತರೆ ಅದರ ಜೊತೆಯ ಎರಡನ್ನೂ ಡ್ರೈವರ್ ಐಸಿಯನ್ನೂ ಬದಲಿಸಿ. ಹಾಗಾಗಿ ಕೊಳ್ಳುವಾಗ ಹದಿನೆಂಟಲ್ಲ, ಇಪ್ಪತ್ತೈದು ಕೇಳಿ.