ತಪ್ಪು ಬೆಲೆಗೆ ಆರ್ಡರ್ ಮಾಡಿದರೆ ಕೊಡಲೇಬೇಕೇ?

'ವೆಬ್‌ಸೈಟಿನಲ್ಲಿ ಬೆಲೆ ತಪ್ಪಾಗಿ ಬಿದ್ದಿದ್ದರೂ ಸರಿ, ನೀವು ದುಡ್ಡು ಕಟ್ಟಿಬಿಟ್ಟರೆ ಮಾರುವವರು ಅದೇ ಬೆಲೆಗೆ ಕೊಡಲೇಬೇಕು' ಎನ್ನುವ ಸಂದೇಶ ಆಗಾಗ ಹರಿದಾಡುತ್ತದೆ. ಇದು ಪೂರ್ತಿ ನಿಜವಲ್ಲ.

ಸಿಂಗಪುರದ ಒಂದು ಪ್ರಕರಣ ನೋಡಿ. 2003ರ ಜನವರಿಯಲ್ಲಿ 3,854 ಸಿಂಗಪುರ ಡಾಲರಿನ ಲೇಸರ್ ಪ್ರಿಂಟರ್ ಆನ್‌ಲೈನ್ ಅಂಗಡಿಯಲ್ಲಿ 66 ಡಾಲರ್ ಎಂದು ಕಾಣಿಸಿತು. ಆರು ಜನ ಸೇರಿ 1,606 ಪ್ರಿಂಟರ್ ಆರ್ಡರ್ ಮಾಡಿದರು. ದೃಢೀಕರಣದ ಇಮೇಲ್‌ಗಳೂ ತಾವಾಗಿಯೇ ಹೋದವು. ಆದರೂ ಅವರು ಕೋರ್ಟಿನಲ್ಲಿ ಸೋತರು. ಬೆಲೆ ತಪ್ಪೆಂದು ಗೊತ್ತಿದ್ದೇ ಕೊಂಡಿದ್ದಾರೆ, ಹಾಗಾಗಿ ಒಪ್ಪಂದ ಅಸಿಂಧು ಎಂದಿತು ಹೈಕೋರ್ಟ್. 2005ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಹಾಗಂತ ಮಾರುವವರು ನಿಶ್ಚಿಂತೆಯಿಂದ ಇರುವಂತಿಲ್ಲ. ತಪ್ಪು ಸಣ್ಣದಾಗಿದ್ದು, ರಿಯಾಯಿತಿಯೇ ಇರಬೇಕೆಂದು ಗ್ರಾಹಕರು ಪ್ರಾಮಾಣಿಕವಾಗಿ ನಂಬಿದ್ದರೆ ಆ ಬೆಲೆಗೇ ಕೊಡಬೇಕಾಗಬಹುದು. ಬೇಕೆಂದೇ ಕಡಿಮೆ ಬೆಲೆ ತೋರಿಸಿ ಸೆಳೆದರೆ ಹಲವು ದೇಶಗಳಲ್ಲಿ ಗ್ರಾಹಕ ಕಾನೂನೂ ಅಡ್ಡ ಬರುತ್ತದೆ.

ನನ್ನ ಮಟ್ಟಿಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಇಮೇಲ್. 'ನಿಮ್ಮ ಆರ್ಡರ್ ಒಪ್ಪಿದ್ದೇವೆ' ಎಂದು ಬರೆದರೆ ಒಪ್ಪಂದ ಅಲ್ಲಿಗೇ ಕುದುರಬಹುದು. 'ಆರ್ಡರ್ ತಲುಪಿದೆ, ಸರಕು ಕಳಿಸಿದಾಗಲಷ್ಟೇ ಒಪ್ಪಿದಂತೆ' ಎಂದು ಷರತ್ತುಗಳಲ್ಲೂ ಇಮೇಲಿನಲ್ಲೂ ಒಂದೇ ರೀತಿ ಸ್ಪಷ್ಟವಾಗಿ ಬರೆದಿಟ್ಟರೆ, ಬೆಲೆ ಪರಿಶೀಲಿಸಲು ಸಮಯ ಸಿಗುತ್ತದೆ.